ಅಕ್ಕನ ಕಣ್ಣಿಗೆ ನಾನು ತಂದ ಔಷಧ

ಅಕ್ಕನ ರೆಪ್ಪೆಗಳು ಕೆಂಪಾಗಲು ಶುರುವಾದಾಗ ಅವಳಿಗೆ ಐವತ್ತೊಂದು ವರ್ಷ, ನನಗೆ ಮೂವತ್ತೊಂಬತ್ತು. ಅವಳು ಕುಮಟಾ ಪಕ್ಕದ ಹೊಳನಗದ್ದೆಯಲ್ಲಿ ಜಗಲಿಯ ಮೇಲೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ನಾನು ಮದುವೆಯಾಗಿ ಹೊನ್ನಾವರಕ್ಕೆ ಬಂದು, ಪೇಟೆಯ ಒಂದು ಔಷಧದ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಲ್ಲುವ ಕೆಲಸಕ್ಕೆ ಸೇರಿ ಎಂಟು ವರ್ಷವಾಗಿತ್ತು. ನಮ್ಮ ಅವ್ವ ತೀರಿಕೊಂಡಾಗ ನನಗೆ ಏಳು ವರ್ಷ. ಅಂದಿನಿಂದ ನನ್ನ ತಲೆ ಬಾಚಿದ್ದು, ಶಾಲೆಗೆ ಕಳಿಸಿದ್ದು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿ ಪಕ್ಕದಲ್ಲಿ ಕೂತದ್ದು ಎಲ್ಲ ಅಕ್ಕನೇ. ಅವಳು ಮದುವೆಯಾಗಲಿಲ್ಲ. ಯಾಕೆಂದು ಯಾರಾದರೂ ಕೇಳಿದರೆ "ಹೊಲಿದು ಮುಗೀಲಿಲ್ಲ" ಎಂದು ನಕ್ಕುಬಿಡುತ್ತಿದ್ದಳು.

ಮೊದಲು ಅದು ಬರೀ ತುರಿಕೆ. ಬೆಳಿಗ್ಗೆ ಎದ್ದರೆ ರೆಪ್ಪೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ನೀರು ಹಚ್ಚಿ ನೆನೆಸಿ ಬಿಡಿಸಿಕೊಳ್ಳಬೇಕಿತ್ತು. ರೆಪ್ಪೆಗೂದಲಿನ ಬುಡದಲ್ಲಿ ತಲೆಹೊಟ್ಟಿನಂತಹ ಬಿಳಿ ಸಿಪ್ಪೆ. ಮಧ್ಯಾಹ್ನದ ಹೊತ್ತಿಗೆ ರೆಪ್ಪೆಯ ಅಂಚೆಲ್ಲ ಕೆಂಪಾಗಿ, ಈಗಷ್ಟೇ ಅತ್ತು ಎದ್ದವಳ ಹಾಗೆ ಕಾಣುತ್ತಿದ್ದಳು. ಅಳತೆ ಕೊಡಲು ಬಂದ ಹೆಂಗಸರು "ಎಂತ ಆತೆ? ಯಾರಾದ್ರೂ ಹೋದ್ರಾ?" ಎಂದು ಗಾಬರಿಯಿಂದ ಕೇಳುತ್ತಿದ್ದರು. ಹೆದ್ದಾರಿ ಅಗಲ ಮಾಡುವ ಕೆಲಸದ ಧೂಳು ಎಂದು ಒಬ್ಬರು, ಹಗಲೂ ಸಂಜೆಯೂ ಸೂಜಿ ನೋಡಿದ್ದಕ್ಕೆ ಎಂದು ಇನ್ನೊಬ್ಬರು. ನಂದಿಬಟ್ಟಲು ಹೂವು ನೆನೆಸಿದ ನೀರು ಬಿಟ್ಟದ್ದಾಯಿತು, ಹರಳೆಣ್ಣೆ ಸವರಿದ್ದಾಯಿತು. ಪಕ್ಕದ ಮನೆಯ ಬಾಣಂತಿಯ ಎದೆಹಾಲನ್ನೂ ಒಳಲೆಯಲ್ಲಿ ತರಿಸಿ ಹಾಕಿಸಿಕೊಂಡಳು. ಉರಿ ಮಾತ್ರ ಹೋಗಲಿಲ್ಲ.

ಒಂದು ಭಾನುವಾರ ನಾನು ಹೋದಾಗ ಅವಳು ಯಂತ್ರದ ಮುಂದೆ ಕೂತು, ಸೆರಗಿನ ತುದಿಯಿಂದ ಕಣ್ಣು ತಿಕ್ಕುತ್ತಿದ್ದಳು.

"ತಿಕ್ಕಬೇಡ ಅಕ್ಕಾ. ಇನ್ನೂ ಕೆಂಪಾಗ್ತದೆ."

"ತಿಕ್ಕದೇ ಎಂತ ಮಾಡುದು? ಮಳಲು ಹೊಕ್ಕ ಹಂಗೆ ಆಗ್ತದೆ. ಅಷ್ಟು ಔಷಧ ನಿನ್ನ ಕೈಲಿ ಅದೆ, ನಂಗೊಂದು ಕೊಡುಕಾಗುದಿಲ್ಲ ನಿಂಗೆ?"

ಅವಳು ತಮಾಷೆಗೆ ಹೇಳಿದ್ದು. ನನಗೆ ಅದು ತಾಗಿತು. ಎಂಟು ವರ್ಷದಲ್ಲಿ ಯಾರ್ಯಾರದೋ ಕೆಮ್ಮಿಗೆ, ಹೊಟ್ಟೆನೋವಿಗೆ, ಕಜ್ಜಿಗೆ ಇಂಥದ್ದೇ ಎಂದು ಹೇಳಿ ಕೊಟ್ಟಿದ್ದೆ. ನಾನು ಓದಿದ್ದು ಪಿಯುಸಿ ಮಾತ್ರ. ಔಷಧ ಕೊಡಲು ಓದಿದವರ ಸರ್ಟಿಫಿಕೇಟು ನಮ್ಮ ಅಂಗಡಿಯ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿತ್ತು. ಆ ಮನುಷ್ಯ ಮಾತ್ರ ತಿಂಗಳಿಗೊಮ್ಮೆ ಬಂದು ಚಹ ಕುಡಿದು ಹೋಗುತ್ತಿದ್ದರು. ಉಳಿದ ದಿನ ಕೊಡುವವಳು ನಾನೇ. ಜನ ನನ್ನನ್ನು "ಅಕ್ಕಾ" ಎಂದು ಕರೆದು, ಚೀಟಿ ಇಲ್ಲದೆಯೇ ಬಂದು, ನಾಲಿಗೆ ಚಾಚಿ ತೋರಿಸುತ್ತಿದ್ದರು. ಅದರಲ್ಲಿ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಕಣ್ಣಿನ ಹನಿಗಳಲ್ಲಿ ಒಂದು ನನಗೆ ಚೆನ್ನಾಗಿ ನೆನಪಿತ್ತು. ಹಾಲಿನ ಹಾಗೆ ಬೆಳ್ಳಗಿನ ಹನಿ, ಅಲ್ಲಾಡಿಸಿ ಹಾಕಬೇಕು. ಹಿಂದೊಮ್ಮೆ ಕಣ್ಣಿನ ಡಾಕ್ಟರೊಬ್ಬರ ಚೀಟಿ ಹಿಡಿದು ಬಂದಿದ್ದ ಒಬ್ಬರು ವಾರ ಕಳೆದ ಮೇಲೆ ಬಂದು, ಇಷ್ಟು ಬೇಗ ಕೆಂಪು ಇಳಿದದ್ದು ಯಾವ ಔಷಧಕ್ಕೂ ಇಲ್ಲ ಎಂದು ಹೊಗಳಿದ್ದರು. ಆ ಚೀಟಿಯಲ್ಲಿ ಔಷಧದ ಹೆಸರಿನ ಕೆಳಗೆ ಮೊದಲು ದಿನಕ್ಕೆ ನಾಲ್ಕು ಸಲ, ಆಮೇಲೆ ಮೂರು, ಆಮೇಲೆ ಎರಡು, ಆಮೇಲೆ ನಿಲ್ಲಿಸಿ ಎಂದು ಬರೆದಿತ್ತು. ನಾನು ಹೆಸರನ್ನು ನೆನಪಿಟ್ಟುಕೊಂಡೆ. ಕೆಳಗಿನ ಸಾಲು ಬಿಟ್ಟೆ.

ಮುಂದಿನ ಭಾನುವಾರ ಆ ಬಾಟಲಿ ತಂದು ಅಕ್ಕನನ್ನು ಚಾಪೆಯ ಮೇಲೆ ಮಲಗಿಸಿ ನಾನೇ ಎರಡೆರಡು ಹನಿ ಹಾಕಿದೆ. ಮಂಗಳವಾರ ಅವಳ ಫೋನು ಬಂತು.

"ಎಂತ ಔಷಧನೆ ಇದು? ಉರಿ ಪೂರಾ ಹೋತು! ಕನ್ನಡಿ ನೋಡ್ಕಂಡ್ರೆ ನಂದೇ ಮುಖ ಅಲ್ಲ ಅನ್ನು ಹಂಗದೆ."

ಆ ದಿನವಿಡೀ ನಾನು ಕೌಂಟರಿನಲ್ಲಿ ಹಾರಾಡಿಕೊಂಡು ಕೆಲಸ ಮಾಡಿದೆ. ಅಕ್ಕ ನನಗಾಗಿ ಮಾಡಿದ್ದಕ್ಕೆಲ್ಲ ಕೊನೆಗೂ ಒಂದು ಕಾಸಿನಷ್ಟಾದರೂ ತಿರುಗಿ ಕೊಟ್ಟೆ ಎನ್ನಿಸಿತು.

ಬಾಟಲಿ ಮುಗಿದು ಹತ್ತು ದಿನಕ್ಕೆ ರೆಪ್ಪೆ ಮತ್ತೆ ಕೆಂಪಾಯಿತು. ಇನ್ನೊಂದು ಬಾಟಲಿ ತಂದೆ. ಮತ್ತೆ ಇಳಿಯಿತು, ಮತ್ತೆ ಬಂತು. ಬರಬರುತ್ತ ಅಕ್ಕನಿಗೆ ಹನಿ ಹಾಕದ ದಿನವೇ ಇಲ್ಲದಂತಾಯಿತು. ಊದಿನಕಡ್ಡಿಯ ಪಕ್ಕ, ದೇವರ ಗೂಡಿನಲ್ಲಿ ಆ ಬಾಟಲಿ ಇರುತ್ತಿತ್ತು. ಹೀಗೆ ಒಂದೂವರೆ ವರ್ಷ. ತಿಂಗಳಿಗೊಮ್ಮೆ, ಕೆಲವೊಮ್ಮೆ ಎರಡು ಸಲ, ನಾನು ಅದನ್ನು ಚೀಲದಲ್ಲಿ ಹಾಕಿಕೊಂಡು ಕುಮಟಾ ಬಸ್ಸು ಹತ್ತುತ್ತಿದ್ದೆ. ಒಮ್ಮೆ ನನಗೆ ಹೋಗಲಾಗದಿದ್ದಾಗ ಹಳದೀಪುರದವರೊಬ್ಬರ ಕೈಯಲ್ಲಿ ಕೊಟ್ಟು ಕಳಿಸಿದೆ. ಒಂದು ದಿನವೂ ಅವಳ ಕಣ್ಣಿಗೆ ಹನಿ ತಪ್ಪಬಾರದೆಂಬ ಕಾಳಜಿ ನನ್ನದು.

ಆ ಮಳೆಗಾಲದ ಕೊನೆಯಲ್ಲಿ ಅಕ್ಕನ ಮನೆಯಲ್ಲಿ ಏನೇನೋ ಸಣ್ಣ ಅವಘಡಗಳು ಶುರುವಾದವು. ಪಕ್ಕದಲ್ಲೇ ಇಟ್ಟ ಚಹದ ಲೋಟಕ್ಕೆ ಕೈ ಬಡಿದು ಯಾರದೋ ರವಿಕೆಯ ಒಂದು ಹಸಿರು ರೇಷ್ಮೆ ಕಣ ಹಾಳಾಯಿತು. ಬಾಗಿಲ ದಾರಂದಕ್ಕೆ ಬಲಭುಜ ಮತ್ತೆ ಮತ್ತೆ ತಾಗುತ್ತಿತ್ತು. "ವಯಸ್ಸಾತಲ್ಲೆ" ಎಂದಳು. ಸೂಜಿಗೆ ದಾರ ಪೋಣಿಸುವುದಕ್ಕೆ ಏನೂ ತೊಂದರೆ ಇರಲಿಲ್ಲ. ಕನ್ನಡಕ ಹಾಕಿಕೊಂಡರೆ ಪೇಪರಿನ ಸಣ್ಣ ಅಕ್ಷರವನ್ನೂ ಓದುತ್ತಿದ್ದಳು. ಹಾಗಾಗಿ ಕಣ್ಣಿನ ಬಗ್ಗೆ ನಮಗಿಬ್ಬರಿಗೂ ಅನುಮಾನ ಬರಲಿಲ್ಲ. ಒಂದು ಸಂಜೆ ಕೊಯ್ಲಿನ ಗದ್ದೆಯ ಅಂಚಿನ ಮೇಲೆ ನಡೆದು ಬರುವಾಗ, ಮೂವತ್ತು ನಲವತ್ತು ವರ್ಷ ನಡೆದ ಅದೇ ಅಂಚು, ಬಲಗಾಲು ಹೊರಗಿಟ್ಟು ಕೆಳಗಿನ ಕೆಸರಿಗೆ ಬಿದ್ದಳು. ಮುಂಗೈ ಊದಿತು. ಮೂಳೆ ನೋಡಿಸಲು ಕುಮಟಾಕ್ಕೆ ಕರೆದುಕೊಂಡು ಹೋದೆ. ಮೂಳೆ ಮುರಿದಿರಲಿಲ್ಲ. ಆದರೆ ಆ ಡಾಕ್ಟರು ಅವಳು ಕುರ್ಚಿ ಹುಡುಕಿ ಕೂತ ರೀತಿ ನೋಡಿ, "ಕಣ್ಣು ಯಾವತ್ತಾದ್ರೂ ತೋರಿಸಿದೀರಾ?" ಎಂದು ಕೇಳಿದರು.

ಕಣ್ಣಿನ ಆಸ್ಪತ್ರೆ ಅದೇ ರಸ್ತೆಯಲ್ಲಿತ್ತು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಘಟ್ಟದ ಮೇಲಿನ ಮಾತು. ಅಕ್ಕನ ಗದ್ದವನ್ನು ಯಂತ್ರದ ಮೇಲೆ ಇರಿಸಿ ಬಹಳ ಹೊತ್ತು ನೋಡಿದರು. ಕಣ್ಣಿನ ಒತ್ತಡ ಅಳೆದರು, ಮತ್ತೊಮ್ಮೆ ಅಳೆದರು. ಆಮೇಲೆ ಒಂದು ಕತ್ತಲೆ ಕೋಣೆಯಲ್ಲಿ ಪರೀಕ್ಷೆ. ಬಟ್ಟಲಿನಂತಹ ಬಿಳಿ ಪರದೆಯೊಳಗೆ ಅಲ್ಲಲ್ಲಿ ಚುಕ್ಕಿ ಬೆಳಕು ಹೊತ್ತುತ್ತದೆ. ಕಂಡಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ನಾನು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ನಮಗಿಂತ ಮೊದಲು ಒಳಗೆ ಹೋದವರು ಟಕ್ ಟಕ್ ಎಂದು ಒಂದೇ ಸಮನೆ ಒತ್ತಿದ್ದನ್ನು ಕೇಳಿದ್ದೆ. ಅಕ್ಕ ಒಳಗೆ ಹೋದ ಮೇಲೆ ಒಂದು ಟಕ್. ಬಹಳ ಹೊತ್ತು ಏನೂ ಇಲ್ಲ. ಮತ್ತೊಂದು ಟಕ್. ಮತ್ತೆ ಸದ್ದಿಲ್ಲ. ಅವಳಿಗೆ ಗುಂಡಿ ಒತ್ತಲು ಬರುತ್ತಿಲ್ಲವೇನೋ ಎಂದುಕೊಂಡೆ. ಯಂತ್ರದ ಮುಂದೆ ಜೀವನ ಕಳೆದವಳಿಗೆ ಅದು ಬರದೇ ಇರುತ್ತದೆಯೇ ಎಂದು ಮರುಕ್ಷಣ ಹೊಳೆದು ಬೆಂಚಿನಿಂದ ಎದ್ದು ನಿಂತೆ.

ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ಕೇಳಿದರು. "ಕಣ್ಣಿಗೆ ಏನಾದ್ರೂ ಔಷಧ ಹಾಕ್ತಿದ್ರಾ?"

"ಹೌದು. ರೆಪ್ಪೆ ಕೆಂಪಾಗ್ತದೆ, ಅದಕ್ಕೆ."

ಅಕ್ಕ ತನ್ನ ಚೀಲದಿಂದ ಬಾಟಲಿ ತೆಗೆದು ಮೇಜಿನ ಮೇಲೆ ಇಟ್ಟಳು. ಡಾಕ್ಟರು ಅದನ್ನು ಕೈಗೆತ್ತಿಕೊಳ್ಳಲಿಲ್ಲ, ನೋಡಿದರು ಅಷ್ಟೇ.

"ಎಷ್ಟು ದಿನದಿಂದ?"

"ಒಂದೂವರೆ ವರ್ಷ ಆಗಿರ್ಬೇಕು."

"ಇದರಲ್ಲಿ ಸ್ಟೆರಾಯ್ಡ್ ಇದೆ ಅಮ್ಮ. ನಾವು ಕೊಟ್ರೂ ಕೆಲವು ದಿನಕ್ಕೆ ಕೊಡೋದು, ಕಣ್ಣಿನ ಒತ್ತಡ ನೋಡ್ತಾ ಕೊಡೋದು. ಕೆಲವರಿಗೆ ಇದು ಒತ್ತಡ ಏರಿಸಿಬಿಡುತ್ತೆ. ಒತ್ತಡ ಏರಿದ್ರೆ ಕಣ್ಣಿನ ಹಿಂದಿನ ನರ ನಿಧಾನಕ್ಕೆ ಸಾಯುತ್ತೆ. ನೋವಿರಲ್ಲ, ಗೊತ್ತಾಗಲ್ಲ. ಮೊದಲು ಪಕ್ಕದ ನೋಟ ಹೋಗುತ್ತೆ. ಎದುರಿನದ್ದು ಕೊನೆಗೆ." ಅವರು ಕಾಗದ ತಿರುಗಿಸಿ ತೋರಿಸಿದರು. ಬಲಗಣ್ಣಿನ ವೃತ್ತದಲ್ಲಿ ನಡುವೆ ಒಂದಿಷ್ಟು ಬಿಟ್ಟು ಸುತ್ತೆಲ್ಲ ಕಪ್ಪು. ಎಡಗಣ್ಣಿನದರಲ್ಲಿ ಕಪ್ಪು ಒಂದು ಮೂಲೆಯಿಂದ ಹತ್ತುತ್ತಿತ್ತು.

"ಹೋದದ್ದು ಬರ್ತದಾ?" ಅಕ್ಕ ಕೇಳಿದಳು.

"ಇಲ್ಲ. ಉಳಿದದ್ದನ್ನ ಉಳಿಸ್ಕೊಳ್ಳೋಣ." ಚೀಟಿ ಎಳೆದುಕೊಂಡು, "ಯಾರು ಕೊಟ್ಟಿದ್ದು ನಿಮಗೆ ಇದನ್ನ? ಯಾವ ಡಾಕ್ಟ್ರು?" ಎಂದರು.

ನಾನು ಗೋಡೆ ನೋಡಿದೆ. ಅಲ್ಲಿ ಕಣ್ಣಿನ ಒಳಭಾಗದ ಒಂದು ದೊಡ್ಡ ಚಿತ್ರವಿತ್ತು. ಬಾಯಿ ತೆರೆಯಬೇಕು ಎಂದು ಗೊತ್ತಿತ್ತು.

"ಡಾಕ್ಟ್ರಲ್ಲ," ಅಂದಳು ಅಕ್ಕ. "ಹೊನ್ನಾವರ ಪೇಟೇಲಿ ಯಾವ್ದೋ ಮೆಡಿಕಲ್ ಶಾಪಿಂದು. ಹೆಸರು ಮರ್ತೋತು."

"ಆ ಅಂಗಡಿಯವರಿಗೆ ಯಾರ ಮನೆ ಕಣ್ಣಾದರೂ ಒಂದೇ," ಎಂದರು ಡಾಕ್ಟರು, ಬರೆಯುತ್ತ. ಅವರ ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು.

ಆಮೇಲೆ ಅವರು ರೆಪ್ಪೆಯ ವಿಷಯಕ್ಕೆ ಬಂದರು. ಇಷ್ಟೆಲ್ಲ ಅನಾಹುತಕ್ಕೆ ಮೂಲವಾದ ಆ ಕೆಂಪು ರೆಪ್ಪೆಗೆ ಅವರು ಹೇಳಿದ ಚಿಕಿತ್ಸೆ ತೀರ ಸಾಮಾನ್ಯದ್ದಾಗಿತ್ತು. ದಿನಕ್ಕೆರಡು ಸಲ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಶುದ್ಧ ಬಟ್ಟೆಯನ್ನು ಮುಚ್ಚಿದ ಕಣ್ಣುಗಳ ಮೇಲೆ ಐದಾರು ನಿಮಿಷ ಇಡುವುದು. ಸುಡುವಷ್ಟು ಬಿಸಿ ಬೇಡ. ರೆಪ್ಪೆಯ ಅಂಚಿನಲ್ಲಿ ಎಣ್ಣೆ ಸುರಿಸುವ ಸಣ್ಣ ಸಣ್ಣ ಗ್ರಂಥಿಗಳಿವೆಯಂತೆ. ಅಲ್ಲಿ ಗಟ್ಟಿಯಾದ ಎಣ್ಣೆ ಶಾಖಕ್ಕೆ ಕರಗುತ್ತದೆ. ಆಮೇಲೆ ಬೆರಳಿನಿಂದ ಮೇಲಿನ ರೆಪ್ಪೆಯನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ ಮೆಲ್ಲಗೆ ನೀವುವುದು. ಆಮೇಲೆ ಕಾಯಿಸಿ ಆರಿಸಿದ ನೀರಿಗೆ ಮಕ್ಕಳ ಶಾಂಪೂ ಒಂದೆರಡು ಹನಿ ಬೆರೆಸಿ, ಹತ್ತಿಯಿಂದ ರೆಪ್ಪೆಗೂದಲಿನ ಬುಡ ಒರೆಸಿ ಸಿಪ್ಪೆ ತೆಗೆಯುವುದು. ಮಲಗುವಾಗ ಅಂಚಿಗೆ ಒಂದು ಮುಲಾಮು, ಕೆಲವು ವಾರ. ಹಗಲು ಉರಿಗೆ ಕಣ್ಣೀರಿನಂಥದ್ದೇ ಹನಿ. ಅದರಿಂದ ಬಗ್ಗದಿದ್ದರೆ ಗುಳಿಗೆ. ತಲೆಯ ಹೊಟ್ಟಿಗೂ ಮದ್ದು ಮಾಡಬೇಕು. ಕಾಡಿಗೆ ಬೇಡ.

"ಇಷ್ಟು ಮಾಡಿದ್ರೆ ಗುಣ ಆಗ್ತದಾ?" ಎಂದು ಅಕ್ಕ ಕೇಳಿದಳು.

"ಪೂರ್ತಿ ಹೋಗೋ ಕಾಯಿಲೆ ಅಲ್ಲ ಇದು. ಹಲ್ಲುಜ್ಜಿದ ಹಾಗೆ ದಿನಾ ಮಾಡ್ತಿದ್ರೆ ಸುಮ್ಮನಿರುತ್ತೆ."

ಒತ್ತಡ ಇಳಿಸಲು ಬೇರೆ ಎರಡು ಹನಿ ಬರೆದುಕೊಟ್ಟರು. ಗಂಟೆ ತಪ್ಪದೆ ಹಾಕಬೇಕು, ತಮ್ಮನ್ನು ಕೇಳದೆ ನಿಲ್ಲಿಸಬಾರದು ಎಂದರು. ಬಿಳಿ ಹನಿಯನ್ನು ಅವರೇ ತೆಗೆದು ಕಸದ ಪೆಟ್ಟಿಗೆಗೆ ಹಾಕಿದರು.

ಬಸ್ಸಿನಲ್ಲಿ ಅಕ್ಕ ಕಿಟಕಿ ಪಕ್ಕ ಕೂತಳು. ಮನೆಗೆ ಬಂದು ಒಲೆ ಹೊತ್ತಿಸಿ ಚಹಕ್ಕೆ ನೀರಿಟ್ಟಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು "ಅಕ್ಕಾ, ನನ್ನಿಂದ ತಪ್ಪಾಯ್ತು" ಎಂದೆ. ಅವಳು ತಿರುಗಲಿಲ್ಲ.

"ನಿಂಗೆ ಗೊತ್ತಿತ್ತಾ ಹಿಂಗಾಗ್ತದೆ ಹೇಳಿ?"

"ಇಲ್ಲ."

"ಗೊತ್ತಿಲ್ದೇ ಮಾಡಿದ್ದಕ್ಕೆ ನಂಗೆ ಸಿಟ್ಟಿಲ್ಲ. ನಾನೇ ಕೇಳಿದ್ದು, ನೀ ತಂದು ಕೊಟ್ಟೆ." ಚಹಪುಡಿಯ ಡಬ್ಬಿಯ ಮುಚ್ಚಳ ತೆಗೆಯಲು ಅವಳಿಗೆ ಊದಿದ ಕೈ ಬಗ್ಗುತ್ತಿರಲಿಲ್ಲ. ನಾನು ಮುಂದೆ ಹೋದೆ. ಅವಳು ಕೊಡಲಿಲ್ಲ. "ಆದ್ರೆ ಆ ಡಾಕ್ಟ್ರ ಎದುರಿಗೆ ನಾ ಸುಳ್ಳು ಹೇಳ್ತೆ ಇದ್ದಾಗ ನೀ ಗೋಡೆ ನೋಡ್ತಾ ಕೂತಿದ್ದೆ. ಐವತ್ತು ವರ್ಷ ದಾಟ್ತು ನಂಗೆ. ನಿನ್ನ ಸಲುವಾಗಿ ಸುಳ್ಳು ಹೇಳುದು ಅಭ್ಯಾಸ ಆಗೋಗದೆ ನಂಗೆ. ನೀ ಅದನ್ನ ಹೇಳಿಸ್ಕಂಡೆ."

ಅವಳು ಚಹ ಮಾಡಿ ನನಗೆ ಕೊಟ್ಟು, ತಾನು ಕುಡಿಯದೆ ಜಗಲಿಗೆ ಹೋಗಿ ಕೂತಳು. ನನ್ನ ಇಷ್ಟು ವರ್ಷದಲ್ಲಿ ಅಕ್ಕ ನನ್ನನ್ನು ಬೈದದ್ದು ಎಷ್ಟೋ ಸಲ. ಆದರೆ ಹೀಗೆ ಸದ್ದಿಲ್ಲದೆ ಬೈದದ್ದು ಅದೇ ಮೊದಲು.

ನಾನು ಹದಿನೈದು ದಿನ ರಜೆ ಹಾಕಿ ಅವಳ ಜೊತೆ ಉಳಿದೆ. ಬಿಳಿ ಹನಿ ನಿಲ್ಲಿಸಿದ ಮೇಲೆ ರೆಪ್ಪೆಗಳು ಹಿಂದೆಂದೂ ಇಲ್ಲದಷ್ಟು ಉರಿದೆದ್ದವು. ಡಾಕ್ಟರು ಮೊದಲೇ ಹೇಳಿದ್ದರು, ಕೆಲವು ದಿನ ಕಷ್ಟ ಎಂದು. ಹೇಳಿದ್ದನ್ನು ಕೇಳುವುದು ಬೇರೆ, ನೋಡುವುದು ಬೇರೆ. ಅಂಚುಗಳು ದಪ್ಪಗಾಗಿ ಹುಣ್ಣಿನ ಹಾಗಾದವು. ಅವಳು ಬೆಳಕಿಗೆ ಮುಖ ಎತ್ತಲಾಗದೆ ಟವೆಲು ಮುಚ್ಚಿಕೊಂಡು ಕೂರುತ್ತಿದ್ದಳು. ನಾನು ಬಟ್ಟೆ ಅದ್ದುವುದು, ಹಿಂಡುವುದು, ಇಡುವುದು, ಆರಿದರೆ ಮತ್ತೆ ಅದ್ದುವುದು.

"ಬಿಸಿ ಬಟ್ಟೆ ಇಟ್ಟು ಗುಣ ಆಗೂದಾದ್ರೆ ಡಾಕ್ಟ್ರು ಎಂತಕ್ಕೆ?" ಎಂದು ರೇಗುತ್ತಿದ್ದಳು. ನಾಲ್ಕನೆಯ ದಿನವೋ ಐದನೆಯ ದಿನವೋ ಮಧ್ಯಾಹ್ನ, ನನ್ನ ಮುಂಗೈ ಹಿಡಿದುಕೊಂಡಳು. "ಒಂದು ಬಾಟ್ಲಿ ನಿನ್ನ ಚೀಲದಲ್ಲಿ ಇರ್ತದೆ, ನಂಗೊತ್ತು. ಒಂದೇ ಒಂದು ಹನಿ ಹಾಕು. ಡಾಕ್ಟ್ರಿಗೆ ನಾ ಹೇಳುದಿಲ್ಲ."

ಬಾಟಲಿ ನಿಜಕ್ಕೂ ಇತ್ತು. ಮುಂದಿನ ತಿಂಗಳಿಗೆಂದು ಮೊದಲೇ ತಂದಿಟ್ಟಿದ್ದು, ಚೀಲದ ಒಳಜೇಬಿನಲ್ಲಿ ಮರೆತುಹೋಗಿತ್ತು. ನಾನು ಎದ್ದು ಅದನ್ನು ತೆಗೆದುಕೊಂಡು ಹಿತ್ತಿಲಿಗೆ ಹೋಗಿ, ಮುಚ್ಚಳ ಬಿಚ್ಚಿ ಬಾಳೆಯ ಬುಡಕ್ಕೆ ಹಿಂಡಿದೆ. ಒಳಗಿನಿಂದ ಅಕ್ಕ ಕೂಗುತ್ತಿದ್ದಳು. "ಎಲ್ಲಿಗೆ ಹೋದ್ಯೆ? ತಂದ್ಯಾ?" ಒಳಗೆ ಬಂದು "ಇಲ್ಲ ಅಕ್ಕಾ, ಚೆಲ್ಲಿದೆ" ಎಂದೆ. ಅವಳು ಗೋಡೆ ಕಡೆ ತಿರುಗಿ ಮಲಗಿದಳು. ಸಂಜೆಯವರೆಗೂ ಬಟ್ಟೆ ಇಡಲು ಬಿಡಲಿಲ್ಲ.

ಎರಡನೆಯ ವಾರ ಡಾಕ್ಟರು ಗುಳಿಗೆ ಶುರುಮಾಡಿದರು. ಅದೇ ದಿನ, ಅಕ್ಕನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ನಾನೊಬ್ಬಳೇ ಮತ್ತೆ ಒಳಗೆ ಹೋದೆ. "ಆ ಹನಿ ಕೊಟ್ಟದ್ದು ನಾನು. ಆ ಅಂಗಡಿಯಲ್ಲಿ ಕೆಲಸ ಮಾಡುವವಳೂ ನಾನೇ" ಎಂದೆ. ಅವರು ಪೆನ್ನು ಕೆಳಗಿಟ್ಟರು. ಬೈಯುತ್ತಾರೆ ಎಂದುಕೊಂಡಿದ್ದೆ.

"ನಿಮ್ಮಕ್ಕನಿಗೆ ಮಾತ್ರ ಕೊಟ್ಟಿದ್ದಾ?" ಎಂದು ಕೇಳಿದರು.

ಆ ಪ್ರಶ್ನೆ ನನ್ನ ತಲೆಗೇ ಬಂದಿರಲಿಲ್ಲ. ನಾನು ಇಷ್ಟು ದಿನ ಅಕ್ಕನ ಕಣ್ಣೊಂದನ್ನೇ ನೋಡಿದ್ದೆ. ಕಣ್ಣು ಕೆಂಪಾಗಿದೆ ಎಂದು ಬಂದವರಿಗೆಲ್ಲ, ಅಕ್ಕನಿಗೆ ಗುಣವಾದ ಮೇಲಂತೂ ಇನ್ನೂ ಧೈರ್ಯದಿಂದ, "ನಮ್ಮನೇಲೂ ಇದೇ ಹಾಕೂದು" ಎಂದು ಹೇಳಿ ಕೊಟ್ಟಿದ್ದೆ. ಎಷ್ಟು ಜನರಿಗೆ? ಮೀನು ಮಾರುವ ಹೆಂಗಸೊಬ್ಬಳು ನೆನಪಾದಳು. ದೋಣಿಯವರು. ಕಾಗಾಲದಿಂದ ಉಪ್ಪಿನಕಾಯಿ ಮಾವು ತರುತ್ತಿದ್ದ ಒಬ್ಬರು. ಉಳಿದವರ ಮುಖವೂ ಇಲ್ಲ. ಒಮ್ಮೆ ತೆಗೆದುಕೊಂಡು ಬಿಟ್ಟವರಿಗೆ ಏನೂ ಆಗಿರಲಿಕ್ಕಿಲ್ಲ ಎಂದರು ಡಾಕ್ಟರು. ತಿಂಗಳುಗಟ್ಟಲೆ ಹಾಕಿದವರು ಯಾರಾದರೂ ಇದ್ದರೆ ಒತ್ತಡ ನೋಡಿಸಿಕೊಳ್ಳಲು ಹೇಳಿ ಎಂದರು.

ಹಾಗೆ ಮತ್ತೆ ಮತ್ತೆ ಬಂದವರಲ್ಲಿ ಒಬ್ಬರು ನನಗೆ ಸ್ಪಷ್ಟವಾಗಿ ನೆನಪಿದ್ದರು. ಭಟ್ಕಳದ ಒಬ್ಬ ವಯಸ್ಸಾದ ಮುಸ್ಲಿಂ ಹೆಂಗಸು. ಮಗಳ ಮನೆ ಹೊನ್ನಾವರದಲ್ಲಿ. ಬಂದಾಗಲೆಲ್ಲ ನಮ್ಮ ಅಂಗಡಿಗೆ ಬಂದು ಎರಡೆರಡು ಬಾಟಲಿ ಕೊಂಡು, ನನ್ನ ಕೈಯಲ್ಲಿ ಒಂದು ಮೊಳ ಭಟ್ಕಳ ಮಲ್ಲಿಗೆ ಇಟ್ಟು ಹೋಗುತ್ತಿದ್ದರು. ಔಷಧ ಬಂದಾಗ ತಿಳಿಸಲು ಎಂದು ಮಗಳ ಫೋನು ನಂಬರು ನಮ್ಮ ಪುಸ್ತಕದಲ್ಲಿತ್ತು. ಮಗಳಿಗೆ ಫೋನು ಮಾಡಿ ತಾಯಿಯ ಮನೆ ಎಲ್ಲಿ ಎಂದು ಕೇಳಿದೆ. ವಿಷಯ ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು. ಅಕ್ಕ ಹೇಳಿದ ಮಾತು ಕಿವಿಯಲ್ಲಿತ್ತು. ಎದುರಿಗೆ ಕೂತು ಹೇಳಬೇಕು ಎನ್ನಿಸಿತು.

ಭಟ್ಕಳಕ್ಕೆ ಹೋಗುವ ಬಸ್ಸಿನಲ್ಲಿ ಮಂಕಿ, ಮುರ್ಡೇಶ್ವರ ದಾಟುವಷ್ಟು ಹೊತ್ತೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಮನೆ ಸಣ್ಣ ಓಣಿಯಲ್ಲಿತ್ತು, ಮುಂದೆ ನೀಲಿ ಬಣ್ಣದ ಬಾಗಿಲು. ಬಾಗಿಲು ತೆರೆದವರು ಅವರೇ. ನನ್ನನ್ನು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು. ಅಂಗಡಿಯ ಹೊರಗೆ ಅವರು ನನ್ನನ್ನು ನೋಡಿರಲಿಲ್ಲ. ಕಣ್ಣು ಕಾಣದೆ ತಡವರಿಸಿದರೋ ಎಂದು ಅವರ ಕಣ್ಣನ್ನೇ ನೋಡಿದೆ.

"ಅರೇ, ಮೆಡಿಕಲ್ ಬೇಟಿ! ಒಳಗೆ ಬಾ, ಒಳಗೆ ಬಾ."

ಅವರ ಕನ್ನಡದಲ್ಲಿ ಅಲ್ಲಿನ ಮುಸ್ಲಿಮರ ನವಾಯತಿ ಮಾತೂ ಉರ್ದುವೂ ಸೇರಿರುತ್ತಿತ್ತು. ಕೂರಿಸಿ ಶರಬತ್ತು ಕೊಟ್ಟರು. ನಾನು ಲೋಟ ಮುಟ್ಟದೆ ಎಲ್ಲ ಹೇಳಿದೆ. ಅಕ್ಕನ ಕಣ್ಣಿನ ಕಥೆ, ಬಿಳಿ ಹನಿ, ಒತ್ತಡ, ಪಕ್ಕದ ನೋಟ. ಅವರು ಕೈ ಬಾಯಿಗೆ ಒತ್ತಿ ಹಿಡಿದು ಕೇಳಿದರು.

"ನೀವು ಎಷ್ಟು ದಿನ ಹಾಕಿದ್ರಿ ಅಮ್ಮಾ?"

ಅವರು ಎದ್ದು ಕಪಾಟಿನ ಬಾಗಿಲು ತೆರೆದರು. ಒಳಗೆ ಆರೇಳು ಬಾಟಲಿ, ಸೀಲು ಒಡೆಯದವು, ಸಾಲಾಗಿ ನಿಂತಿದ್ದವು.

"ಎರಡು ದಿನ ಹಾಕಿದ್ದೆ ಬೇಟಿ. ಕಣ್ಣಿಗೆ ಹಾಕಿದ್ರೆ ಗಂಟಲಲ್ಲಿ ಕಹಿ ಬರ್ತದೆ. ತೌಬಾ, ಊಟನೇ ಸೇರೂದಿಲ್ಲ. ಬಿಟ್ಟೆ. ನನ್ನ ಕಣ್ಣು ಅದರಷ್ಟಕ್ಕೆ ಸರಿಯಾಯ್ತು."

"ಮತ್ತೆ ಯಾಕೆ ತಗೊಳ್ತಿದ್ರಿ?"

ಅವರು ನಾಚಿಕೊಂಡರು. "ನೀ ಪ್ರತಿ ಸಲ ಕೇಳ್ತಿದ್ದೆ, ಕಣ್ಣು ಹೇಗಿದೆ, ಔಷಧ ಮುಗೀತಾ ಅಂತ. ಬೇಡ ಅಂದ್ರೆ ನಿನಗೆ ಬೇಜಾರಾಗ್ತದೆ ಅಂತ."

ನನಗೆ ನಗು ಬಂತು, ಜೊತೆಗೇ ಅಳು. ಅವರು ನನ್ನ ಪಕ್ಕ ಕೂತು ಬೆನ್ನು ಸವರಿದರು. ಕಣ್ಣಿನ ಡಾಕ್ಟರಿಗೆ ಒಮ್ಮೆ ತೋರಿಸಿ ಎಂದು ಒತ್ತಾಯ ಮಾಡಿದೆ. ಆಮೇಲೆ ಮಗಳು ತೋರಿಸಿ, ಏನೂ ತೊಂದರೆಯಿಲ್ಲ ಎಂದು ಫೋನು ಮಾಡಿದಳು. ಅವತ್ತು ಅಷ್ಟೂ ಬಾಟಲಿಗಳನ್ನು ನಾನು ಚೀಲದಲ್ಲಿ ತುಂಬಿಕೊಂಡು ಬಂದೆ. ಬರುವಾಗ ಹಗುರಾಗಬೇಕಿತ್ತು. ಆಗಲಿಲ್ಲ. ಇವರಿಗೆ ಕಹಿ ಸೇರಲಿಲ್ಲ, ಬಚಾವಾದರು. ಕಹಿ ಸಹಿಸಿಕೊಂಡು, ನಾನು ಹೇಳಿದೆನೆಂದು ನಂಬಿ, ದಿನವೂ ಹಾಕಿದವರು ಎಲ್ಲೆಲ್ಲಿದ್ದಾರೋ.

ಮರುದಿನ ಅಂಗಡಿಯ ಯಜಮಾನರ ಹತ್ತಿರ ಮಾತಾಡಿದೆ. ಚೀಟಿ ಇಲ್ಲದೆ ಆ ಹನಿಯನ್ನು ನಾನು ಇನ್ನು ಕೊಡುವುದಿಲ್ಲ ಎಂದೆ. ಅವರು ಕೆಟ್ಟವರಲ್ಲ. ಅಕ್ಕನ ವಿಷಯ ಕೇಳಿ ಅವರ ಮುಖವೂ ಬಾಡಿತು. "ನೀ ಕೊಡ್ಲಿಲ್ಲ ಅಂದ್ರೆ ಆ ಜನ ಆಚೆ ಅಂಗಡಿಗೆ ಹೋಗ್ತಾರೆ. ಡಾಕ್ಟ್ರ ಹತ್ರ ಹೋಗ್ತಾರೆ ಅಂತ ಮಾಡಿದ್ಯಾ?" ಎಂದರು. ಅದು ಸುಳ್ಳೂ ಅಲ್ಲ. ಒಬ್ಬರಿಗೆ ನಾನು ಇಲ್ಲ ಎಂದಾಗ, "ಇಷ್ಟು ವರ್ಷ ಕೊಟ್ಟವಳು ಈಗ ಡಾಕ್ಟ್ರಾಗೋದ್ಯಾ?" ಎಂದು ಎಲ್ಲರೆದುರು ಕೂಗಾಡಿ ಹೋದರು. ನನ್ನ ಕಣ್ಣೆದುರಿಗೇ ಮೂರನೆಯ ಅಂಗಡಿ ಹೊಕ್ಕು ಅದೇ ಬಾಟಲಿ ಹಿಡಿದು ಹೊರಬಂದರು. ಹಳೆಯ ಗಿರಾಕಿಗಳಲ್ಲಿ ನೆನಪಾದ ಹನ್ನೊಂದು ಜನರಿಗೆ ನಾನೇ ಹೇಳಿದ್ದೇನೆ. ಅವರಲ್ಲಿ ದೋಣಿಯವರೊಬ್ಬರಿಗೆ ಒತ್ತಡ ಏರಿತ್ತು. ಬೇಗ ಗೊತ್ತಾದ್ದರಿಂದ ಹನಿ ನಿಲ್ಲಿಸಿದ ಮೇಲೆ ಇಳಿಯಿತಂತೆ. ಮೀನಿನ ಹೆಂಗಸು ಪತ್ತೆಯಾಗಲೇ ಇಲ್ಲ. ಆ ಕಡೆ ಅವಳ ಬಗ್ಗೆ ಯಾರನ್ನು ಕೇಳಿದರೂ ಊರು ಬಿಟ್ಟಳು ಎಂದರು. ನಾನು ಈಗಲೂ ಅದೇ ಅಂಗಡಿಯಲ್ಲಿದ್ದೇನೆ. ಆ ಹನಿ ಕೇಳಿ ಬಂದವರನ್ನು ಯಜಮಾನರು ಈಗ "ಚೀಟಿ ಅದ್ಯಾ?" ಎಂದು ಒಮ್ಮೆ ಕೇಳುತ್ತಾರೆ. ಕೆಲವು ಸಲ ಕೇಳಿಯೂ ಕೊಟ್ಟುಬಿಡುತ್ತಾರೆ.

ಅಕ್ಕನ ರೆಪ್ಪೆ ಇಳಿಯಲು ಮೂರು ತಿಂಗಳು ಹಿಡಿಯಿತು. ಒಂದು ಬೆಳಿಗ್ಗೆ ಅವಳೇ ಫೋನು ಮಾಡಿ, "ಇವತ್ತು ಕಣ್ಣು ತಾನಾಗೇ ಬಿಡ್ತು" ಎಂದಳು. ಅಂಟದೆ, ನೀರು ಹಚ್ಚದೆ. ಮೊದಲು ಯಾವುದಕ್ಕೆ ರೇಗುತ್ತಿದ್ದಳೋ ಆ ಬಿಸಿ ಬಟ್ಟೆಯೇ ಈಗ ಅವಳಿಗೆ ದಿನದ ಸುಖ. ಅದನ್ನು ಇಟ್ಟುಕೊಂಡು ಒರಗಿ ಕೂತಾಗ ಯಾರೂ ಮಾತಾಡಿಸುವಂತಿಲ್ಲ. ನಡುವೆ ಧೂಳಿನ ದಿನಗಳಲ್ಲಿ ರೆಪ್ಪೆ ಮತ್ತೆ ಕೆಂಪಾಗುತ್ತದೆ, ನಾಲ್ಕು ದಿನ ಹೆಚ್ಚು ಒರೆಸಿದರೆ ತಣ್ಣಗಾಗುತ್ತದೆ. ಒತ್ತಡ ಹತೋಟಿಯಲ್ಲಿದೆ. ಪ್ರತಿ ನಾಲ್ಕು ತಿಂಗಳಿಗೊಮ್ಮೆ ಆ ಕತ್ತಲೆ ಕೋಣೆಯ ಪರೀಕ್ಷೆ. ಕಾಗದದ ಮೇಲಿನ ಕಪ್ಪು ಹೆಚ್ಚಾಗಿಲ್ಲ, ಕಡಿಮೆಯೂ ಆಗಿಲ್ಲ. ಬೆಂಚಿನ ಮೇಲೆ ಕೂತು ಆ ಟಕ್ ಟಕ್ ಎಣಿಸುವುದನ್ನು ನಾನು ಇನ್ನೂ ಬಿಟ್ಟಿಲ್ಲ.

ಹೊಲಿಗೆ ಅರ್ಧಕ್ಕಿಂತ ಕಡಿಮೆಯಾಗಿದೆ. ಕೆಳಗೆ ಬಿದ್ದ ಕತ್ತರಿ, ಪಕ್ಕಕ್ಕೆ ಜಾರಿದ ತೋಳಿನ ತುಂಡು ಅವಳಿಗೆ ಸಿಗುವುದಿಲ್ಲ. ಹುಡುಕಲು ತಲೆಯನ್ನೇ ತಿರುಗಿಸಿ ತಿರುಗಿಸಿ ನೋಡಬೇಕು. ಮದುವೆ ರವಿಕೆಗಳನ್ನು ಒಪ್ಪಿಕೊಳ್ಳುವುದನ್ನು ಬಿಟ್ಟಿದ್ದಾಳೆ. ಗದ್ದೆಯ ಅಂಚಿನ ದಾರಿ ಬಿಟ್ಟು ಸುತ್ತು ಹಾಕಿ ರಸ್ತೆಯಲ್ಲೇ ಬರುತ್ತಾಳೆ. ಆ ದಿನದ ಚಹದ ನಂತರ ನಾವಿಬ್ಬರೂ ಆ ಮಾತನ್ನು ಮತ್ತೆ ಎತ್ತಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತೇನೋ ಎಂದು ಕೆಲವು ಸಲ ಅನ್ನಿಸುತ್ತದೆ.

ಹೋದ ತಿಂಗಳು ಪರೀಕ್ಷೆ ಮುಗಿಸಿ ಕುಮಟಾ ಬಸ್ ನಿಲ್ದಾಣದ ಕಡೆ ನಡೆಯುತ್ತಿದ್ದೆವು. ನಾನು ಅವಳ ಎಡಗಡೆ ಇದ್ದೆ. ಎದುರಿಂದ ಬಂದ ಒಂದು ರಿಕ್ಷಾ ಅವಳ ಬಲಕ್ಕೆ ಸವರಿಕೊಂಡು ಹೋಯಿತು. ಅದು ದಾಟಿ ಹೋದ ಮೇಲೆಯೇ ಅವಳು ಬೆಚ್ಚಿದಳು. ರಸ್ತೆ ನಡುವೆ ನಿಂತು, ನನ್ನ ತೋಳು ಹಿಡಿದು ಎಳೆದಳು.

"ಈ ಬದಿ ಬಾ ತಂಗಿ. ಎಡಗಡೆ ನಂಗೆ ಕಾಣ್ತದೆ."

ನಾನು ಬಲಗಡೆಗೆ ಬಂದೆ. ನಿಲ್ದಾಣದವರೆಗೂ ಅವಳು ತೋಳು ಬಿಡಲಿಲ್ಲ.